ಮನೆಯ ಗಣಕಕ್ಕೆ ಪರದೆ, ಪರದೆಗೆ ಟಿ.ವಿ.

ಕಳೆದ ತಿಂಗಳು ಹೊಸ ಮಾನಿಟರ್ ಕೊಳ್ಳುವಾಗ ನಾನು ಮೊದಲು ನೋಡಿದ್ದು ಗಾತ್ರವನ್ನಲ್ಲ, ಕನ್ನಡ ಅಕ್ಷರ ಹೇಗೆ ಕಾಣುತ್ತದೆ ಎಂಬುದನ್ನು. 27 ಇಂಚಿನ ಪರದೆಯಲ್ಲಿ 1920×1080 ಚುಕ್ಕಿಗಳು, ಅಂದರೆ ಪಿಕ್ಸೆಲ್‌ಗಳಷ್ಟೇ ಇದ್ದರೆ ಒಂದು ಇಂಚಿಗೆ ಸಿಗುವುದು ಸುಮಾರು 82 ಪಿಕ್ಸೆಲ್. ಆಗ ಸಣ್ಣ ಅಕ್ಷರಗಳಲ್ಲಿ ಒತ್ತುಗಳು ಒಂದಕ್ಕೊಂದು ಅಂಟಿಕೊಂಡಂತೆ ಕಂಡು, ಅರ್ಧ ಗಂಟೆ ಓದುವಷ್ಟರಲ್ಲಿ ಕಣ್ಣು ಸೋಲುತ್ತದೆ. ಅದೇ ಗಾತ್ರದಲ್ಲಿ 2560×1440 ಇದ್ದರೆ ಆ ಸಂಖ್ಯೆ 109ಕ್ಕೆ ಏರುತ್ತದೆ. ಅಷ್ಟು ಹಣ ಹಾಕಲಾಗದವರಿಗೆ 27 ಇಂಚಿಗಿಂತ 24 ಇಂಚಿನ ಸಾಧಾರಣ ಪರದೆಯೇ ಉತ್ತಮ ಎಂಬುದು ನನ್ನ ದೃಢವಾದ ಅಭಿಪ್ರಾಯ. ಮಂಚದ ಮೇಲೆ ಕುಳಿತು ಓರೆಯಿಂದ ನೋಡುವವರು ಮನೆಯಲ್ಲಿದ್ದರೆ, ಬದಿಯಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡದ ಐಪಿಎಸ್ ಬಗೆಯ ಪ್ಯಾನೆಲ್ ಆರಿಸಿಕೊಳ್ಳಬೇಕು.

ಗಣಕದ ಪರದೆಯಲ್ಲಿ ಟಿ.ವಿ. ವಾಹಿನಿ ತೋರಿಸುವ ಉಪಕರಣವಾದ ಟಿ.ವಿ. ಟ್ಯೂನರ್ ವಿಷಯ ಬೇರೆ. ಕೇಬಲ್ ತಂತಿಯನ್ನು ನೇರವಾಗಿ ಸಿಕ್ಕಿಸಿ ವಾಹಿನಿ ನೋಡುತ್ತಿದ್ದ ಹಳೆಯ ಅನಲಾಗ್ ಟ್ಯೂನರ್‌ಗಳನ್ನು ಈಗ ಕಡಿಮೆ ಬೆಲೆಗೆ ಸಿಕ್ಕರೂ ಕೊಳ್ಳಬೇಡಿ. ಬೆಂಗಳೂರು, ಮೈಸೂರುಗಳಲ್ಲಿ ಕೇಬಲ್ ಡಿಜಿಟಲ್ ಆಗಲು ಇದ್ದ ಗಡುವು 2013ರ ಮಾರ್ಚ್ 31. ಆಮೇಲೆ ಗೂಢಲಿಪಿಯಲ್ಲಿ ಬರುವ ವಾಹಿನಿಗಳನ್ನು ಸೆಟ್‌ಟಾಪ್ ಬಾಕ್ಸ್ ಮಾತ್ರ ಬಿಡಿಸಬಲ್ಲದು. ಆದ್ದರಿಂದ ಚಿತ್ರ, ಧ್ವನಿ ಎರಡನ್ನೂ ಒಂದೇ ತಂತಿಯಲ್ಲಿ ತರುವ ಎರಡು ಎಚ್‌ಡಿಎಂಐ ಕಿಂಡಿಗಳಿರುವ ಮಾನಿಟರ್ ಕೊಂಡು, ಒಂದಕ್ಕೆ ಗಣಕವನ್ನೂ ಇನ್ನೊಂದಕ್ಕೆ ಬಾಕ್ಸನ್ನೂ ಜೋಡಿಸುವುದೇ ಸುಲಭ. ಚಿತ್ರದ ನಕಲು ತಡೆಯುವ ಎಚ್‌ಡಿಸಿಪಿ ಎಂಬ ವ್ಯವಸ್ಥೆಯನ್ನು ಮಾನಿಟರ್ ಬೆಂಬಲಿಸದಿದ್ದರೆ ಚಿತ್ರದ ಬದಲು ಕಪ್ಪು ಪರದೆ ಕಾಣಬಹುದು. ಅನೇಕ ಮಾನಿಟರ್‌ಗಳಲ್ಲಿ ಸ್ಪೀಕರ್ ಇರುವುದಿಲ್ಲವಾದ್ದರಿಂದ, ಹೆಡ್‌ಫೋನ್ ಕಿಂಡಿ ಇದೆಯೇ ಎಂದು ಅಂಗಡಿಯಲ್ಲೇ ಹಿಂಬದಿ ತಿರುಗಿಸಿ ನೋಡಿಕೊಳ್ಳಿ.