ರಜೆ ದಿನದ ಮಾಲ್: ಚಿಲ್ಲರ್ ಕೋಣೆಯಿಂದ ಪಾರ್ಕಿಂಗ್‌ವರೆಗೆ

ಹತ್ತು ಗಂಟೆಗೆ ಬಾಗಿಲು ತೆರೆಯಬೇಕೆಂದರೆ ಎಂಟಕ್ಕಾದರೂ ಚಿಲ್ಲರ್, ಅಂದರೆ ಎಸಿಗೆ ನೀರು ತಣಿಸಿ ಕಳಿಸುವ ಯಂತ್ರ, ಚಾಲೂ ಆಗಿರಬೇಕು. ಗಾಳಿ ಬೇಗ ತಣ್ಣಗಾಗುತ್ತದೆ. ಹಿಂದಿನ ದಿನದ ಬಿಸಿ ಹಿಡಿದು ಕೂತ ಕಾಂಕ್ರೀಟು, ಕಲ್ಲುಹಾಸು ಅಷ್ಟು ಸುಲಭಕ್ಕೆ ಬಗ್ಗುವುದಿಲ್ಲ. ರಜೆ ದಿನವಾದರೆ ಇನ್ನೂ ಅರ್ಧ ಗಂಟೆ ಮುಂಚೆ ಶುರು ಮಾಡುವುದೇ ಕ್ಷೇಮ. ಆರಾಮವಾಗಿ ಅಡ್ಡಾಡುವ ಒಬ್ಬ ಮನುಷ್ಯನ ಮೈಯಿಂದ ನೂರು ವಾಟ್‌ಗೂ ಹೆಚ್ಚು ಶಾಖ ಹೊರಬೀಳುತ್ತದೆ. ಸಂಜೆ ಹತ್ತು ಸಾವಿರ ಜನ ಒಳಗೆ ಸೇರಿದರೆ ಒಂದು ಮೆಗಾವಾಟ್‌ನ ಹೀಟರ್ ಹಚ್ಚಿಟ್ಟ ಹಾಗೆ. ಅವರು ಬಂದ ಮೇಲೆ ಕಟ್ಟಡ ತಣಿಸಲು ಹೊರಟರೆ ರಾತ್ರಿಯವರೆಗೂ ಸೆಖೆಯ ಹಿಂದೆಯೇ ಓಡಬೇಕಾಗುತ್ತದೆ.

ಬೆಳಿಗ್ಗೆ ಮೊದಲು ನೋಡುವುದು ಎರಡು ಅಂಕಿ. ಚಿಲ್ಲರ್‌ನಿಂದ ಹೊರಡುವ ನೀರು ಸಾಮಾನ್ಯವಾಗಿ 7 ಡಿಗ್ರಿ, ವಾಪಸ್ ಬರುವ ನೀರು 12 ಡಿಗ್ರಿ. ವಾಪಸ್ ನೀರು 9 ಡಿಗ್ರಿಗೇ ಬರುತ್ತಿದ್ದು, ಮಹಡಿಯಲ್ಲಿ ಮಾತ್ರ ಸೆಖೆ ಇದ್ದರೆ, ನೀರು ಶಾಖ ಎತ್ತಿಕೊಳ್ಳದೆ ಸುಮ್ಮನೆ ಸುತ್ತಿ ಬರುತ್ತಿದೆ ಎಂದರ್ಥ. ಆಗ ಇನ್ನೊಂದು ಚಿಲ್ಲರ್ ಹಾಕಿ ಪ್ರಯೋಜನವಿಲ್ಲ. ಎಲ್ಲೋ ಗಾಳಿ ಹಾಯಿಸುವ ಯೂನಿಟ್‌ನ ಫಿಲ್ಟರ್ ಧೂಳು ಕಟ್ಟಿದೆ, ಇಲ್ಲವೇ ವಾಲ್ವ್ ತೆರೆದಲ್ಲೇ ಸಿಕ್ಕಿಕೊಂಡಿದೆ. ಅದನ್ನು ಹುಡುಕಬೇಕು.

ಇದೇ ಹೊತ್ತಿಗೆ ಹಿಂಬದಿಯಲ್ಲಿ ಸರಕು ಇಳಿಯುತ್ತಿರುತ್ತದೆ. ಅಂಗಡಿಗಳ ಬೆನ್ನಿಗಿರುವ ಸರ್ವಿಸ್ ಓಣಿ ಗ್ರಾಹಕರ ಕಣ್ಣಿಗೆ ಬೀಳುವುದೇ ಇಲ್ಲ. ಅಲ್ಲಿ ಒಂದು ಖಾಲಿ ಡಬ್ಬ ಉಳಿದರೂ ಎತ್ತಿಸಬೇಕು. ಬೆಂಕಿ ಬಿದ್ದಾಗ ಜನ ಓಡುವ ದಾರಿಯೂ ಎಷ್ಟೋ ಕಡೆ ಅದೇ.

ಅಂಗಡಿ ತೆರೆಯುವ ಮೊದಲೇ ಬರುವವರೂ ಇದ್ದಾರೆ. ಸಮತಟ್ಟು ನೆಲ, ನೆರಳು, ವಾಹನದ ಕಾಟವಿಲ್ಲ ಎಂದು ವಾಕಿಂಗ್‌ಗೆ ಬರುವ ಹಿರಿಯರು. ಏನೂ ಕೊಳ್ಳದ ಇವರನ್ನು ಒಳಗೆ ಬಿಡಬೇಕೇ ಎಂಬ ಪ್ರಶ್ನೆ ಆಡಳಿತದ ಸಭೆಗಳಲ್ಲಿ ಆಗಾಗ ಏಳುತ್ತದೆ. ಮಾಲ್ ಹುಟ್ಟಿದ್ದೇ ಈ ಪ್ರಶ್ನೆಯ ಜೊತೆ. ಪೂರ್ತಿ ಮುಚ್ಚಿದ, ಹವಾನಿಯಂತ್ರಿತ ಮಾಲ್‌ಗಳಲ್ಲಿ ಮೊದಲನೆಯದೆಂದು ಹೆಸರಾದ ಸೌತ್‌ಡೇಲ್ 1956ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ತೆರೆಯಿತು. ಅದರ ವಾಸ್ತುಶಿಲ್ಪಿ ವಿಕ್ಟರ್ ಗ್ರುಯೆನ್ ವಿಯೆನ್ನಾದಲ್ಲಿ ಹುಟ್ಟಿ ಬೆಳೆದವರು. ಕಾರಿಲ್ಲದೆ ಎಲ್ಲಿಗೂ ಹೋಗಲಾಗದ ಉಪನಗರಕ್ಕೆ ನಾಲ್ಕು ಜನ ಕೂಡುವ ಒಂದು ನಡುಪೇಟೆ ಕೊಡಬೇಕೆಂಬುದು ಅವರ ಆಸೆ. ಸುತ್ತ ಮನೆ, ಶಾಲೆ, ಉದ್ಯಾನ ಎಲ್ಲ ಬರಬೇಕಿತ್ತು; ಉಳಿದದ್ದು ಅಂಗಡಿ ಮತ್ತು ಪಾರ್ಕಿಂಗ್ ಬಯಲು. ಕೊನೆಗಾಲದಲ್ಲಿ ಅವರೇ ಈ ಮಾದರಿಯನ್ನು ಕಟುವಾಗಿ ತಳ್ಳಿಹಾಕಿದರು.

ನಗರ ಮಾತ್ರ ಮಾಲ್ ಅನ್ನು ನಡುಪೇಟೆಯಾಗಿಯೇ ಬಳಸುತ್ತದೆ. ಯಾರನ್ನೋ ಕಾಯಲು, ಮಳೆ ನಿಲ್ಲುವ ತನಕ ನಿಲ್ಲಲು, ಶೌಚಾಲಯಕ್ಕೆ ಹೋಗಲು, ಮಗುವಿಗೆ ಹಾಲುಣಿಸಲು. ಬಾಗಿಲ ಮೇಲಿನ ಕ್ಯಾಮೆರಾ ಇವರನ್ನೂ ಎಣಿಸುತ್ತದೆ. ಹೊರಹೋಗಿ ಮತ್ತೆ ಒಳಬಂದ ಸಿಬ್ಬಂದಿಯನ್ನೂ ಎಣಿಸುತ್ತದೆ. ಆದ್ದರಿಂದ ಆ ಅಂಕಿಯನ್ನು ಗಿರಾಕಿಗಳ ಸಂಖ್ಯೆ ಎಂದು ನಂಬಿ ಬಾಡಿಗೆ ಮಾತಾಡುವ ಅಂಗಡಿಯವರು ಕೆಡುತ್ತಾರೆ. ಕಾಸು ಕೊಡದವರು ಕೂರಬಾರದೆಂದು ಬೆಂಚು ಎತ್ತಿಸುವ ಮಾಲ್‌ಗಳೂ ಇವೆ. ನನಗದು ದಡ್ಡತನವಾಗಿ ಕಾಣುತ್ತದೆ. ಅಜ್ಜಿಗೆ ಕಾಲು ನೋವು ಬಂದರೆ ಇಡೀ ಮನೆಮಂದಿ ಅವರ ಜೊತೆ ಹೊರಟುಬಿಡುತ್ತಾರೆ. ಶೌಚಾಲಯದ ವಿಷಯದಲ್ಲೂ ಇಂಥದೇ ಲೆಕ್ಕದ ತಪ್ಪು. ಗಂಡಸರಿಗೂ ಹೆಂಗಸರಿಗೂ ಸಮನಾದ ಜಾಗ ಕೊಟ್ಟರೆ ಹೆಂಗಸರ ಕಡೆ ಕಡಿಮೆ ಜನ ಹಿಡಿಯುತ್ತಾರೆ, ಏಕೆಂದರೆ ಅಲ್ಲಿ ಎಲ್ಲವೂ ಬಾಗಿಲಿರುವ ಕೋಣೆ. ಒಬ್ಬೊಬ್ಬರಿಗೆ ಹಿಡಿಯುವ ಹೊತ್ತೂ ಹೆಚ್ಚು. ರಜೆ ದಿನದ ಸಾಲು ಅಲ್ಲಿಂದಲೇ ಹುಟ್ಟುತ್ತದೆ. ಅರ್ಧ ಗಂಟೆಗೊಮ್ಮೆ ಸಹಿ ಹಾಕುವ ಕ್ಲೀನಿಂಗ್ ಚೀಟಿಯಿಂದ ಅದು ಕರಗುವುದಿಲ್ಲ.

ಮಧ್ಯಾಹ್ನ ಎರಡರ ಹೊತ್ತಿಗೆ ಕಂಟ್ರೋಲ್ ರೂಮಿಗೆ ಬರುವ ಮಾಮೂಲಿ ದೂರು: ಕೆಳಮಹಡಿಯಲ್ಲಿ ಎಸಿ ಬರುತ್ತಿಲ್ಲ, ಮುಖ್ಯ ಬಾಗಿಲಲ್ಲಿ ಬಿಸಿಗಾಳಿ ನುಗ್ಗುತ್ತಿದೆ. ಹೊಸಬರು ಬಾಗಿಲಿಗೆ ಓಡುತ್ತಾರೆ. ಹಳಬರು ಫುಡ್‌ಕೋರ್ಟ್‌ಗೆ ಹೋಗುತ್ತಾರೆ. ಅಡುಗೆ ವಾಸನೆ ಬಟ್ಟೆ ಅಂಗಡಿಗಳಿಗೆ ಹರಡದಿರಲೆಂದು ಫುಡ್‌ಕೋರ್ಟ್‌ನ ಗಾಳಿಯ ಒತ್ತಡವನ್ನು ಉಳಿದ ಜಾಗಕ್ಕಿಂತ ತುಸು ಕಡಿಮೆ ಇಟ್ಟಿರುತ್ತಾರೆ. ಅಡುಗೆಮನೆಗಳ ಎಕ್ಸಾಸ್ಟ್ ಫ್ಯಾನ್ ಎಳೆದು ಹಾಕುವ ಗಾಳಿಗೆ ಬದಲಾಗಿ ಹೊರಗಿನಿಂದ ತಾಜಾ ಗಾಳಿ ತಳ್ಳುವ ಫ್ಯಾನ್ ಇರುತ್ತದೆ. ಅದು ನಿಂತುಹೋದರೆ, ಅಥವಾ ಸದ್ದು ಜಾಸ್ತಿ ಎಂದು ಯಾರಾದರೂ ಆಫ್ ಮಾಡಿದರೆ, ಎಕ್ಸಾಸ್ಟ್ ತನಗೆ ಬೇಕಾದ ಗಾಳಿಯನ್ನು ಇಡೀ ಮಾಲ್‌ನಿಂದ ಎಳೆಯುತ್ತದೆ. ಮಾಲ್ ಅದನ್ನು ಮುಖ್ಯ ಬಾಗಿಲಿಂದ ಎಳೆದುಕೊಳ್ಳುತ್ತದೆ. ಪರೀಕ್ಷೆ ಸುಲಭ. ಬಾಗಿಲ ಸಂದಿಗೆ ಟಿಶ್ಯೂ ಹಾಳೆ ಹಿಡಿಯಿರಿ. ಹಾಳೆ ಜೋರಾಗಿ ಒಳಕ್ಕೆ ಬಾಗಿದರೆ ರೋಗ ಮೇಲಿನ ಮಹಡಿಯ ಫುಡ್‌ಕೋರ್ಟ್‌ನಲ್ಲಿದೆ. ಇದಕ್ಕೆ ತದ್ವಿರುದ್ಧವೂ ಉಂಟು: ಎಕ್ಸಾಸ್ಟ್‌ನ ಫಿಲ್ಟರ್‌ಗಳಿಗೆ ಜಿಡ್ಡು ಕಟ್ಟಿದರೆ ಬಾಗಿಲಲ್ಲಿ ಏನೂ ಆಗುವುದಿಲ್ಲ, ಕರಿದ ಎಣ್ಣೆಯ ವಾಸನೆ ಬಟ್ಟೆ ಅಂಗಡಿ ಸೇರುತ್ತದೆ. ಆ ಜಿಡ್ಡು ಬೆಂಕಿಗೂ ಮೇವು.

ಕರೆಂಟ್ ಹೋದರೆ ಹತ್ತು ಹದಿನೈದು ಸೆಕೆಂಡಿನಲ್ಲಿ ಜನರೇಟರ್ ಎತ್ತಿಕೊಳ್ಳುತ್ತದೆ, ದೀಪ ಬರುತ್ತದೆ. ಎಸ್ಕಲೇಟರ್ ಬರುವುದಿಲ್ಲ. ಅದು ತಾನಾಗಿ ಹೊರಡಬಾರದು ಎಂದೇ ಮಾಡಿರುವುದು. ಮೇಲೊಬ್ಬರು, ಕೆಳಗೊಬ್ಬರು ನಿಂತು, ಮೆಟ್ಟಿಲ ಮೇಲೆ ಯಾರೂ ಇಲ್ಲವೆಂದು ಕಣ್ಣಾರೆ ನೋಡಿ, ಕೀಲಿ ತಿರುಗಿಸಿ ಹೊರಡಿಸಬೇಕು. ಜನ ಅಷ್ಟರಲ್ಲಿ ನಿಂತ ಎಸ್ಕಲೇಟರನ್ನು ಮೆಟ್ಟಿಲೆಂದು ಹತ್ತತೊಡಗಿರುತ್ತಾರೆ. ಅದರ ಒಂದು ಮೆಟ್ಟಿಲು ಸುಮಾರು 20 ಸೆಂಟಿಮೀಟರ್ ಎತ್ತರ, ಮಾಮೂಲಿ ಮೆಟ್ಟಿಲಿಗಿಂತ ಹೆಚ್ಚು. ಸಾಲದ್ದಕ್ಕೆ ಮೇಲೆ ಕೆಳಗೆ ತುದಿಯಲ್ಲಿ ಎತ್ತರ ಬದಲಾಗುತ್ತದೆ. ಎಡವುವುದು ಅಲ್ಲೇ. ಆದ್ದರಿಂದ ಕರೆಂಟ್ ಹೋದ ಕೂಡಲೇ ಮೊದಲು ಎರಡೂ ತುದಿಗೆ ಅಡ್ಡಗಟ್ಟು, ಆಮೇಲೆ ಕೀಲಿ. ಓಡುವ ಎಸ್ಕಲೇಟರ್‌ನಲ್ಲಿ ಅಪಾಯದ ಜಾಗ ಮೆಟ್ಟಿಲಿಗೂ ಪಕ್ಕದ ತಗಡಿಗೂ ನಡುವಿನ ಸಂದಿ. ಮಕ್ಕಳ ಮೆತ್ತನೆ ರಬ್ಬರ್ ಚಪ್ಪಲಿ ಸಿಕ್ಕುವುದು ಅಲ್ಲಿಗೆ. ಪಕ್ಕದಲ್ಲಿ ಉದ್ದಕ್ಕೂ ಇರುವ ಬ್ರಷ್ ಕಾಲನ್ನು ಆ ಸಂದಿಯಿಂದ ದೂರ ಇಡಲು. ಬೂಟು ಒರೆಸಲು ಅಲ್ಲ.

ಮಗು ಕಾಣೆಯಾದರೆ ಮೈಕಿನಲ್ಲಿ ಕೂಗುವುದಕ್ಕಿಂತ ಮೊದಲು ಬಾಗಿಲುಗಳಿಗೆ ಸುದ್ದಿ ಹೋಗಬೇಕು. ಹೆತ್ತವರನ್ನು ಕೇಳುವಾಗ ಅಂಗಿಯ ಬಣ್ಣದ ಜೊತೆ ಚಪ್ಪಲಿ ಎಂಥದ್ದೆಂದು ಕೇಳಲೇಬೇಕು. ಕದ್ದೊಯ್ಯುವವರು ಅಂಗಿ ಬದಲಿಸಬಹುದು, ಚಪ್ಪಲಿ ಬದಲಿಸುವುದು ಅಪರೂಪ. 1981ರಲ್ಲಿ ಫ್ಲೋರಿಡಾದ ಮಾಲ್ ಒಂದರಿಂದ ಅಪಹರಣವಾಗಿ ಕೊಲೆಯಾದ ಬಾಲಕನ ಹೆಸರಿನಲ್ಲಿ 1994ರಲ್ಲಿ ಅಮೆರಿಕದಲ್ಲಿ ಶುರುವಾದ ‘ಕೋಡ್ ಆಡಂ’ ಪದ್ಧತಿಯಲ್ಲಿ ಹತ್ತು ನಿಮಿಷದಲ್ಲಿ ಮಗು ಸಿಗದಿದ್ದರೆ ಪೊಲೀಸರಿಗೆ ತಿಳಿಸಬೇಕು. ಹೆಚ್ಚಿನ ಮಕ್ಕಳು ಆಟಿಕೆ ಅಂಗಡಿಯ ಮುಂದೆಯೇ ಸಿಗುತ್ತಾರೆ, ನಿಜ. ಆ ಭರವಸೆಯಲ್ಲಿ ಬಾಗಿಲು ಬಿಟ್ಟುಕೊಡುವಂತಿಲ್ಲ.

ರಾತ್ರಿಯ ತಲೆನೋವು ಪಾರ್ಕಿಂಗ್. ಗಾಡಿಗಳು ದಿನವಿಡೀ ಒಂದೊಂದಾಗಿ ಬಂದಿರುತ್ತವೆ, ಹೊರಡುವಾಗ ಸಿನಿಮಾ ಬಿಟ್ಟ ಹೊತ್ತಿಗೆ ಒಟ್ಟಿಗೆ ಹೊರಡುತ್ತವೆ. ಮಹಡಿಯಲ್ಲೇ ದುಡ್ಡು ಕಟ್ಟಿ ಹದಿನೈದು ನಿಮಿಷದಲ್ಲಿ ಹೊರಹೋಗಬೇಕೆಂಬ ನಿಯಮವಿದ್ದರೆ ಕಥೆ ಮುಗಿಯಿತು: ಸಾಲೇ ಇಪ್ಪತ್ತು ನಿಮಿಷದ್ದಾದಾಗ ಚೀಟಿಯ ಅವಧಿ ತೀರಿ, ಗೇಟ್ ಏಳದೆ, ಹಿಂದಿನವರ ಚೀಟಿಯ ಅವಧಿಯೂ ಸರದಿಯಲ್ಲಿ ತೀರುತ್ತದೆ. ಸಿನಿಮಾ ಬಿಡುವ ಮುಂಚೆಯೇ ಆ ಅವಧಿಯನ್ನು ದುಪ್ಪಟ್ಟು ಮಾಡಿಡಬೇಕು. ನೆಲಮಾಳಿಗೆಯ ರ‍್ಯಾಂಪ್ ಮೇಲೆ ಇಂಜಿನ್ ಚಾಲೂ ಇಟ್ಟು ಕಾರುಗಳು ನಿಂತವೆಂದರೆ ದುಡ್ಡಿನ ಮಾತು ಬಿಟ್ಟು ಗೇಟ್ ಎತ್ತಿಬಿಡಬೇಕು. ಅಲ್ಲಿ ತುಂಬುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಕೊನೆಯ ಗ್ರಾಹಕ ಹೋದ ಮೇಲೆ ಹೊಸ ಅಂಗಡಿಗಳ ವೆಲ್ಡಿಂಗ್ ಶುರು. ಪರವಾನಗಿ ಚೀಟಿ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರ್, ಕೆಲಸ ನಿಂತ ಮೇಲೂ ಒಂದು ಗಂಟೆ ಕಾವಲು. ಬೆಂಕಿ ಬಿದ್ದಾಗ ಛಾವಣಿಯಿಂದ ನೀರು ಚಿಮ್ಮುವ ಸ್ಪ್ರಿಂಕ್ಲರ್‌ನ ಪೈಪು ತಿರುಗಿಸಬೇಕಾದರೆ ಆ ಭಾಗದ ವಾಲ್ವ್ ಮುಚ್ಚುತ್ತಾರೆ. ಮುಚ್ಚಿದವರ ಹೆಸರು, ಹೊತ್ತು, ವಾಲ್ವ್‌ನ ನಂಬರ್ ಪುಸ್ತಕದಲ್ಲಿರಬೇಕು, ಹಿಡಿಗೆ ಕೆಂಪು ಪಟ್ಟಿ ಕಟ್ಟಿರಬೇಕು. ತೆರೆದದ್ದನ್ನು ಬೇರೊಬ್ಬರು ಕೈಯಾರೆ ತಿರುಗಿಸಿ ನೋಡಿದ ಮೇಲಷ್ಟೇ ಆ ಪಟ್ಟಿ ಬಿಚ್ಚಬೇಕು.