ಮೂರನೇ ಪೆಟ್ಟಿಗೆಯ ಬಿಳಿ ಹರಳು

ಜುಲೈ 6

ಮಳೆ ಅರ್ಧ ಗಂಟೆ ಬಿಡುವು ಕೊಟ್ಟಿತು. ಮೂರನೇ ಜೇನು ಪೆಟ್ಟಿಗೆಯ ಬಾಗಿಲಲ್ಲಿ ಬಿಳಿ ಹರಳುಗಳು ಬಿದ್ದಿದ್ದವು, ಸತ್ತು ಒಣಗಿದ ಮರಿಗಳು. ಎಣಿಸಿದೆ, 11. ಅದರಲ್ಲಿ ಎರಡು ಕಪ್ಪು.

ಎದೆ ಧಸಕ್ಕೆಂದಿತು. ಕೊಡಗಿನಲ್ಲಿ ಜೇನಿನ ಮರಿ ಸತ್ತರೆ ಹಳಬರಿಗೆ ನೆನಪಾಗುವುದು ತೊಂಬತ್ತರ ದಶಕದ ಶುರುವಿನ ಥಾಯ್ ಸ್ಯಾಕ್‌ಬ್ರೂಡ್ ರೋಗ. ಆ ವೈರಸ್‌ಗೆ ತುಡುವೆ, ಅಂದರೆ ಪೆಟ್ಟಿಗೆಯಲ್ಲಿ ಸಾಕುವ ನಾಡು ಜೇನಿನ, ಕುಟುಂಬಗಳು ಸಾಲುಸಾಲಾಗಿ ಹೋದವು. ಅಪ್ಪನ ಪೆಟ್ಟಿಗೆಗಳಲ್ಲಿ ಆಮೇಲೆ ಕೋಳಿ ಕಾವಿಗೆ ಕೂತವು.

ಆದರೆ ಇದು ಅದಲ್ಲ. ಸ್ಯಾಕ್‌ಬ್ರೂಡ್‌ನಲ್ಲಿ ಸತ್ತ ಮರಿ ನೀರು ತುಂಬಿದ ಚೀಲ, ಚಿಮಟದಲ್ಲಿ ಎತ್ತಿದರೆ ಜೋಲುತ್ತದೆ. ಇದು ಉಗುರಿಗೆ ಸೀಮೆಸುಣ್ಣದ ಹಾಗೆ ಪುಡಿಯಾಯಿತು. ಚಾಕ್‌ಬ್ರೂಡ್! ಆಸ್ಕೋಸ್ಫಿಯರ ಏಪಿಸ್ ಎಂಬ ಬೂಷ್ಟಿನ ಕೆಲಸ. ರೇಷ್ಮೆ ಸಾಕುವವರು ನೋಡಿದರೆ ತಮ್ಮ ಹುಳುವಿಗೆ ಬರುವ 'ಸುಣ್ಣಕಟ್ಟು' ರೋಗ ಅಂದುಬಿಡುತ್ತಾರೆ. ಹೆಣ ಹಾಗೇ ಕಾಣುತ್ತದೆ, ಬೂಷ್ಟು ಬೇರೆ. ಸುಣ್ಣಕಟ್ಟು ಹುಳುವಿನ ಚರ್ಮ ಕೊರೆದು ಒಳಗೆ ಹೋಗುತ್ತದೆ. ಇದು ಊಟದ ಜೊತೆ ಹೊಟ್ಟೆಗೆ ಹೋಗಿ, ಅಲ್ಲಿಂದ ಹೊರಕ್ಕೆ ಬೆಳೆಯುತ್ತದೆ.

ಜುಲೈ 9

ಇನ್ನೊಮ್ಮೆ ತೆರೆದೆ. ಎರಿಯ (ಮರಿ ಬೆಳೆಯುವ ಮೇಣದ ಹಲ್ಲೆಯ) ಅಂಚಿನಲ್ಲೇ ಜಾಸ್ತಿ, ಅದೂ ಗಂಡು ಮರಿಗಳು. ಚೌಕಟ್ಟು ಅಲ್ಲಾಡಿಸಿದರೆ ಒಣಗಿದ ಮರಿಗಳು ಗಿಲಕಿಯ ಹಾಗೆ ಸದ್ದು ಮಾಡುತ್ತವೆ. ಬಿಳಿಯದಕ್ಕಿಂತ ಕಪ್ಪನೆಯದು ಕೆಟ್ಟದ್ದು. ಬೂಷ್ಟಿನ ಎರಡು ಬಗೆಯ ಎಳೆಗಳು ಒಂದೇ ಮರಿಯಲ್ಲಿ ಕೂಡಿದಾಗ ಮಾತ್ರ ಬೀಜಕ ಕಟ್ಟಿ ಕಪ್ಪಾಗುತ್ತದೆ. ಆ ಬೀಜಕ ಹಳೆ ಎರಿಯಲ್ಲಿ ವರ್ಷಗಟ್ಟಲೆ ಕಾಯುತ್ತದೆ.

ಹಸಿರು, ಹಳದಿ ಬೂಷ್ಟು ಕಾಣಲಿಲ್ಲ, ಸದ್ಯ. ಅದಾದರೆ ಆಸ್ಪರ್ಜಿಲಸ್ ಎಂಬ ಇನ್ನೊಂದು ಬೂಷ್ಟು ತರುವ ಸ್ಟೋನ್‌ಬ್ರೂಡ್ ರೋಗ. ನಮ್ಮ ಶ್ವಾಸಕೋಶಕ್ಕೂ ಒಳ್ಳೆಯದಲ್ಲ. ಮಾಸ್ಕ್ ಹಾಕಿಕೊಂಡೇ ನೋಡಿದ್ದೆ.

ಜುಲೈ 20

ಪಕ್ಕದ ತೋಟದ ಅಣ್ಣ ಬಂದು ನೋಡಿ ಒಂದೇ ಮಾತು ಕೇಳಿದರು: "ವಾರಕ್ಕೆ ಎಷ್ಟು ಸಲ ಮುಚ್ಚಳ ತೆಗೀತೀಯ?"

ಪ್ರತಿ ಭಾನುವಾರ. ಸುಮ್ನೆ, ನೋಡೋಣ ಅಂತ. ಮರಿಗಳಿಗೆ 34-35 ಡಿಗ್ರಿ ಬಿಸಿ ಬೇಕು. ಈ ಚಳಿಮಳೆಯಲ್ಲಿ ನಾನು ಮುಚ್ಚಳ ತೆಗೆದಾಗಲೆಲ್ಲ ಅಂಚಿನ ಮರಿ ತಣ್ಣಗಾಗುತ್ತದೆ, ಬೂಷ್ಟಿಗೆ ಅದೇ ಬೇಕು. ಇನ್ನೊಂದು ತಪ್ಪೂ ನನ್ನದೇ. ಕಾಫಿ ಹೂವಿನ ಜೇನು ತೆಗೆದ ಮೇಲೂ ಮೇಲಿನ ಜೇನು ಕೋಣೆ ಇಳಿಸಿರಲಿಲ್ಲ. ಇರುವ ನಾಲ್ಕು ಎರಿಯ ನೊಣ ಅಷ್ಟು ದೊಡ್ಡ ಮನೆಯನ್ನು ಎಲ್ಲಿಂದ ಬೆಚ್ಚಗಿಡುತ್ತವೆ?

ಜೇನು ಕೋಣೆ ಇಳಿಸಿದೆ. ಕೆಟ್ಟ ಎರಡು ಎರಿ ಕತ್ತರಿಸಿ ಒಲೆಗೆ ಹಾಕಿದೆ. ಅಡಿ ಹಲಗೆ ಕೆರೆದೆ. ನೀರು ಒಳಗೆ ನಿಲ್ಲದಂತೆ ಪೆಟ್ಟಿಗೆಯನ್ನು ಬಾಗಿಲ ಕಡೆಗೆ ಸ್ವಲ್ಪ ಓರೆ ಮಾಡಿದೆ. ಈ ಪೆಟ್ಟಿಗೆಗೆ ಮುಟ್ಟಿಸಿದ ಚಾಕು ಬೇರೆಯದಕ್ಕೆ ಇಲ್ಲ.

ಆಗಸ್ಟ್ 3

ಕೊಡವರ ಕಕ್ಕಡ ತಿಂಗಳ ಹದಿನೆಂಟನೇ ದಿನ. ಮದ್ದು ಸೊಪ್ಪಿನ ಪಾಯಸ ಕುಡಿದೆವು. ನಮಗಾದರೆ ಹದಿನೆಂಟು ಮದ್ದು ಒಂದೇ ಸೊಪ್ಪಿನಲ್ಲಿ ಸಿಗುತ್ತದಂತೆ, ನೊಣಕ್ಕೆ ಒಂದೂ ಇಲ್ಲ. ಪೆಟ್ಟಿಗೆ ತೆರೆಯಲಿಲ್ಲ. ಬಾಗಿಲಲ್ಲಿ ಹರಳು 5. ಸತ್ತದ್ದನ್ನು ನೊಣಗಳೇ ಎಳೆದು ಹಾಕುತ್ತಿವೆ, ಅದೇ ಧೈರ್ಯ.

ಆಗಸ್ಟ್ 24

ಹರಳು 1, ಬಿಳಿ. ಮಧ್ಯಾಹ್ನ ಬಿಸಿಲು ಬಂದಾಗ ಎರಡು ನೊಣ ಕಾಲಲ್ಲಿ ಹಳದಿ ಪರಾಗ ಹೊತ್ತು ತಂದವು. ಒಳಗೆ ನೋಡುವ ಆಸೆ ತಡೆಯಲಾಗುತ್ತಿಲ್ಲ. ಮುಚ್ಚಳದ ಮೇಲೆ ದೊಡ್ಡ ಕಲ್ಲು ಹೇರಿದ್ದೇನೆ. ಮನೆಯಲ್ಲಿ ಕೇಳಿದರೆ ಗಾಳಿಗೆ ಅಂತ ಹೇಳಿದ್ದೇನೆ.