ಇಂಟರ್‌ಸೆಪ್ಟರ್ 650: ಯಾವ ಮಾರ್ಪಾಡಿಗೆ ಯಾವ ಟ್ಯೂನಿಂಗ್?

ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ಬೈಕಿಗೆ ಫ್ರೀ-ಫ್ಲೋ (ಹೊಗೆ ಸರಾಗವಾಗಿ ಹೊರಹೋಗುವ) ಸೈಲೆನ್ಸರ್ ಹಾಕಿಸಿದ ಕೂಡಲೇ ಎದುರಾಗುವ ಪ್ರಶ್ನೆ: ಹೊರಗಿನಿಂದ ಜೋಡಿಸುವ ಟ್ಯೂನಿಂಗ್ ಪೆಟ್ಟಿಗೆಗಳಲ್ಲಿ ಫ್ಯುಯೆಲ್‌ಎಕ್ಸ್ ಸಾಕಾ, ಪವರ್‌ಟ್ರಾನಿಕ್ ಬೇಕಾ, ಇಲ್ಲಾ ಎಂಜಿನ್ ನಡೆಸುವ ಕಂಪ್ಯೂಟರ್ ಆದ ಇಸಿಯುವನ್ನೇ ಫ್ಲ್ಯಾಶ್ ಮಾಡಿಸೋದಾ (ಒಳಗಿನ ಪ್ರೋಗ್ರಾಂ ಬದಲಿಸೋದಾ)? ಪೆಟ್ಟಿಗೆ ಆರಿಸೋದು ಆಮೇಲೆ. ಎಂಜಿನ್ನಿಗೆ ಪೆಟ್ರೋಲ್ ಎಲ್ಲಿ ಕಡಿಮೆ ಬೀಳ್ತಿದೆ ಅಂತ ಮೊದಲು ನೋಡಿ.

ಒಂದೇ ವೇಗದಲ್ಲಿ ಆರಾಮಾಗಿ ಓಡುವಾಗ ಇಸಿಯು ಆಕ್ಸಿಜನ್ ಸೆನ್ಸರ್ ಹೇಳಿದ ಹಾಗೆ ಕೇಳುತ್ತೆ. ಕಂಪನಿಯ ನ್ಯಾರೋಬ್ಯಾಂಡ್ ಸೆನ್ಸರ್‌ಗೆ ಗೊತ್ತಾಗೋದು ಇಷ್ಟೇ: ಸುಮಾರು 0.45 ವೋಲ್ಟ್ ದಾಟಿದರೆ ರಿಚ್ (ಪೆಟ್ರೋಲ್ ಹೆಚ್ಚು), ಇಳಿದರೆ ಲೀನ್ (ಪೆಟ್ರೋಲ್ ಕಡಿಮೆ). ಅದನ್ನು ನೋಡಿಕೊಂಡು ಇಸಿಯು ಮಿಶ್ರಣವನ್ನು ಲ್ಯಾಂಬ್ಡಾ 1ರ (ಗಾಳಿ, ಪೆಟ್ರೋಲ್ ಎರಡೂ ಸರಿಯಾಗಿ ಉರಿದು ಮುಗಿಯುವ ಪ್ರಮಾಣದ) ಹತ್ತಿರ ಹಿಡಿದಿಡುತ್ತೆ. ಇದು ಕ್ಲೋಸ್ಡ್ ಲೂಪ್. ಥ್ರಾಟಲ್ ಪೂರ್ತಿ ತಿರುಗಿಸಿದರೆ ಸೆನ್ಸರ್ ಬದಿಗೆ ಸರಿದು, ಕಾರ್ಖಾನೆಯಲ್ಲಿ ಬರೆದ ಮ್ಯಾಪ್ (ಯಾವಾಗ ಎಷ್ಟು ಪೆಟ್ರೋಲ್ ಎಂಬ ಪಟ್ಟಿ) ಮಾತ್ರ ಉಳಿಯುತ್ತೆ. ನಿಜವಾದ ಕೊರತೆ ಕಾಣೋದು ಇಲ್ಲೇ.

ಬರೀ ಸ್ಲಿಪ್-ಆನ್ (ಹಿಂದಿನ ಸೈಲೆನ್ಸರ್ ಮಾತ್ರ) ಹಾಕಿ, ಏರ್ ಫಿಲ್ಟರ್ ಹಾಗೇ ಬಿಟ್ಟಿದ್ದರೆ ಏನೂ ಕೊಳ್ಳಬೇಡಿ. ಥ್ರಾಟಲ್ ಬಿಟ್ಟಾಗ ಬರುವ ಪಟಪಟ ಸದ್ದಿಗೆ ಹೆದರಿ ಟ್ಯೂನಿಂಗ್‌ಗೆ ದುಡ್ಡು ಸುರಿಯುವವರೇ ಹೆಚ್ಚು. ಆ ಸದ್ದಿಗೆ ಬಹಳ ಸಲ ಕಾರಣ ಬೆಂಡ್ ಪೈಪಿನ ಸಡಿಲ ಜಾಯಿಂಟ್. ಅಲ್ಲಿಂದ ಒಳನುಗ್ಗಿದ ಗಾಳಿಯನ್ನು ಸೆನ್ಸರ್ ಲೀನ್ ಎಂದು ಓದಿ, ಇಸಿಯು ಸುಮ್ಮನೆ ಪೆಟ್ರೋಲ್ ಸುರಿಯುತ್ತೆ. ಗ್ಯಾಸ್ಕೆಟ್ ಬದಲಿಸಿ, ನಟ್‌ಗಳನ್ನು ಟಾರ್ಕ್ ರೆಂಚ್‌ನಲ್ಲಿ ಬಿಗಿದು ಮತ್ತೆ ಕೇಳಿ ನೋಡಿ.

ಇನ್‌ಟೇಕ್ ತಾಪಮಾನದ ಸೆನ್ಸರ್‌ಗೆ ಸುಳ್ಳು ಹೇಳುವ ಅಗ್ಗದ ಪ್ಲಗ್‌ಗಳೂ ಸಿಗುತ್ತವೆ. ಗಾಳಿ 20 ಡಿಗ್ರಿ ತಣ್ಣಗಿದೆ ಎಂದು ನಂಬಿಸಿದರೆ ಇಸಿಯು ಶೇ 6ರ ಆಸುಪಾಸು ಹೆಚ್ಚು ಪೆಟ್ರೋಲ್ ಬಿಡುತ್ತೆ. ಆದರೆ ಕ್ಲೋಸ್ಡ್ ಲೂಪ್‌ನಲ್ಲಿ ಸೆನ್ಸರ್ ಅದನ್ನು ಕಂಡುಹಿಡಿದು ಕಳೆದುಹಾಕುತ್ತೆ. ಆ ಕಡಿತವನ್ನು ಇಸಿಯು ನೆನಪಿಟ್ಟುಕೊಂಡು ಫುಲ್ ಥ್ರಾಟಲ್‌ಗೂ ಹಚ್ಚಿದರೆ, ಬೇಕಾದಲ್ಲೂ ಕೊರತೆ ಹಾಗೇ ಉಳಿಯುತ್ತೆ. ಆಕ್ಸಿಜನ್ ಸೆನ್ಸರ್‌ನ ಸಂಕೇತವನ್ನು ಮುಟ್ಟದ ಯಾವ ಪೆಟ್ಟಿಗೆಗೂ ಇದೇ ಗತಿ.

ಫುಲ್ ಸಿಸ್ಟಮ್ ಎಕ್ಸಾಸ್ಟ್ ಜೊತೆ ಫ್ರೀ-ಫ್ಲೋ ಫಿಲ್ಟರ್ ಸೇರಿದರೆ ಬೆಂಗಳೂರಿನ ರೇಸ್ ಡೈನಾಮಿಕ್ಸ್‌ನವರ ಫ್ಯುಯೆಲ್‌ಎಕ್ಸ್ ಸರಿಹೋಗುತ್ತೆ. ಅದು ಆಕ್ಸಿಜನ್ ಸೆನ್ಸರ್‌ನ ಸಂಕೇತವನ್ನು ಓದಿಕೊಂಡೇ ಇಂಜೆಕ್ಟರ್ ಪಲ್ಸ್ ತಿದ್ದುತ್ತೆ. ಇಗ್ನಿಷನ್ (ಕಿಡಿ ಹಾರುವ ಹೊತ್ತು) ಮುಟ್ಟೋಲ್ಲ, ಇಷ್ಟು ಮಾರ್ಪಾಡಿಗೆ ಮುಟ್ಟಬೇಕಾಗಿಯೂ ಇಲ್ಲ.

ಹೈ ಕಂಪ್ರೆಷನ್ ಪಿಸ್ಟನ್, ಕ್ಯಾಮ್ (ವಾಲ್ವ್ ತೆರೆಯುವ ಶಾಫ್ಟ್), ಬಿಗ್ ಬೋರ್ (ಅಗಲಿಸಿದ ಸಿಲಿಂಡರ್) ಬಂದರೆ ಲೆಕ್ಕವೇ ಬೇರೆ. ಮೂಲ ಕಂಪ್ರೆಷನ್ 9.5:1. ಅದನ್ನು ಏರಿಸಿದ ಮೇಲೆ ನಾಕಿಂಗ್ (ಮಿಶ್ರಣ ಅಂಕೆ ತಪ್ಪಿ ಸಿಡಿಯೋದು) ತಪ್ಪಿಸಲು ಇಗ್ನಿಷನ್ ಟೈಮಿಂಗ್ ತಡವಾಗಿಸಬೇಕು, ಹಾಗಾಗಿ ಪೆಟ್ರೋಲ್, ಟೈಮಿಂಗ್ ಎರಡನ್ನೂ ತಿದ್ದುವ ಪವರ್‌ಟ್ರಾನಿಕ್ ಅಥವಾ ಫ್ಲ್ಯಾಶ್ ಬೇಕು. ನನ್ನ ಒಲವು ಫ್ಲ್ಯಾಶ್ ಕಡೆಗೆ: ಒಂದೇ ಮಿದುಳು ಕೆಲಸ ಮಾಡುತ್ತೆ, ವೈರಿಂಗ್‌ನಲ್ಲಿ ಹೆಚ್ಚುವರಿ ಕನೆಕ್ಟರ್ ಇಲ್ಲ, ಮಳೆಗಾಲದಲ್ಲಿ ತುಕ್ಕಿನ ಕಾಟವೂ ಇಲ್ಲ.

ಬೋರ್ 78ರಿಂದ 90 ಎಂಎಂ ಮಾಡಿದರೆ 648 ಸಿಸಿ ಇದ್ದದ್ದು 860 ದಾಟುತ್ತೆ, ಪೆಟ್ರೋಲ್ ಮೂರನೇ ಒಂದು ಪಾಲು ಜಾಸ್ತಿ ಬೇಕು. ಮೂಲ ಇಂಜೆಕ್ಟರ್ ತಾಳುತ್ತಾ? 1,20,000ವನ್ನು ಆರ್‌ಪಿಎಂನಿಂದ ಭಾಗಿಸಿ. 7,500ರಲ್ಲಿ ಒಂದು ಸೈಕಲ್‌ಗೆ (ಎಂಜಿನ್ನಿನ ಎರಡು ಸುತ್ತಿಗೆ) ಸಿಗೋದು 16 ಮಿಲಿಸೆಕೆಂಡ್. ಇಂಜೆಕ್ಟರ್ 13.6 ಮಿಲಿಸೆಕೆಂಡ್‌ಗಿಂತ, ಅಂದರೆ ಶೇ 85ಕ್ಕಿಂತ ಹೆಚ್ಚು ತೆರೆದಿದ್ದರೆ ದೊಡ್ಡ ಇಂಜೆಕ್ಟರ್ ಹಾಕಿಸಿ. ಮ್ಯಾಪ್ ಎಷ್ಟು ತಿದ್ದಿದರೂ ಇದಕ್ಕೆ ಪರಿಹಾರವಿಲ್ಲ.

ಡೈನೋಗೆ (ಬೈಕಿನ ಶಕ್ತಿ ಅಳೆಯುವ ಯಂತ್ರಕ್ಕೆ) ಹೋದಾಗ, ಮಿಶ್ರಣವನ್ನು ನಿಖರವಾಗಿ ಅಳೆಯುವ ವೈಡ್‌ಬ್ಯಾಂಡ್ ಸೆನ್ಸರ್ ಕೂರಿಸಲು ಎಂ18×1.5 ಬಂಗ್ (ಸೆನ್ಸರ್ ತಿರುಗಿಸಿ ಕೂರಿಸುವ ನಟ್) ವೆಲ್ಡ್ ಮಾಡಿಸಿ. ಸೆನ್ಸರ್ ತಲೆಕೆಳಗಾಗದಿರಲಿ, ನೀರು ಕೂತರೆ ಸಾಯುತ್ತೆ. ಎಎಫ್‌ಆರ್ (ಗಾಳಿ-ಪೆಟ್ರೋಲ್ ತೂಕದ ಅನುಪಾತ) ಬದಲು ಲ್ಯಾಂಬ್ಡಾದಲ್ಲೇ ಓದಿ. ಶುದ್ಧ ಪೆಟ್ರೋಲಿನ ಸಮತೋಲ 14.7 ಆದರೆ ಶೇ 20 ಎಥನಾಲ್ ಬೆರೆತ ಇ20ಯದು 13.5ರ ಹತ್ತಿರ, ಲ್ಯಾಂಬ್ಡಾ ಮಾತ್ರ ಎರಡಕ್ಕೂ 1. ಫುಲ್ ಥ್ರಾಟಲ್‌ಗೆ 0.87ರಿಂದ 0.90 ಸಾಕು.

ಬೆಂಗಳೂರು 900 ಮೀಟರ್ ಎತ್ತರದಲ್ಲಿದೆ. ಇಲ್ಲಿ ಟ್ಯೂನ್ ಮಾಡಿದ ಬೈಕು ಮಂಗಳೂರಿಗೆ ಇಳಿದರೆ ವಾಯುಒತ್ತಡ ಶೇ 10ರಷ್ಟು ಹೆಚ್ಚು. ಒತ್ತಡದ ಸೆನ್ಸರ್ ಇದ್ದರೆ ಇಸಿಯು ತಾನೇ ಸರಿದೂಗಿಸುತ್ತೆ, ಪಿಗ್ಗಿಬ್ಯಾಕ್‌ನ (ಫ್ಯುಯೆಲ್‌ಎಕ್ಸ್‌ನಂಥ ಹೊರಗಿನ ಪೆಟ್ಟಿಗೆಯ) ಶೇಕಡಾವಾರು ತಿದ್ದುಪಡಿ ಅದರ ಮೇಲೇ ಕೂರುತ್ತೆ. ಆ ಸೆನ್ಸರ್ ಬಿಚ್ಚಿ ಬರೀ ಥ್ರಾಟಲ್ ಕೋನದ ಮೇಲೆ ಮ್ಯಾಪ್ ಬರೆಯುವವರ ಹತ್ತಿರ ಹೋಗಬೇಡಿ.

ಫ್ಲ್ಯಾಶ್ ಮಾಡಿಸುವ ಮುಂಚೆ ಮೂಲ ಫೈಲ್ ಓದಿಸಿ ನಿಮ್ಮ ಪೆನ್‌ಡ್ರೈವ್‌ಗೆ ಹಾಕಿಸಿಕೊಳ್ಳಿ. ಸರ್ವಿಸ್ ಸೆಂಟರಿನವರು ಇಸಿಯು ಅಪ್‌ಡೇಟ್ ಮಾಡಿದರೆ ಹೊಸ ಮ್ಯಾಪ್ ಅಳಿಸಿಹೋಗಬಹುದು, ಅದರ ಪ್ರತಿಯೂ ಜೊತೆಗಿರಲಿ.